ಭಂಗಿಯ ಔಷಧವೂ ದೂರವಾಣಿಯ ಚೀಟಿಯೂ

ಕಳೆದ ವಾರ ಸೋಮನಹಳ್ಳಿಯಿಂದ ವೃದ್ಧ ಮಹಾಶಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಉಪಾಧ್ಯಾಯ ವೃತ್ತಿಯನ್ನು ನಡೆಸಿ ವಿಶ್ರಾಂತರಾಗಿರುವವರು. ಈ ಪತ್ರಿಕೆಯ ಬಹುಕಾಲದ ವಾಚಕರು. ಅವರ ಧರ್ಮಪತ್ನಿಯವರಿಗೆ ಅರ್ಬುದರೋಗ, ಎಂದರೆ ಕ್ಯಾನ್ಸರ್, ತಗುಲಿ ಎರಡು ವರ್ಷವಾಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆಯೆಲ್ಲ ಆಗಿ, ಈಗ ಉಳಿದಿರುವುದು ನೋವೊಂದೇ. ರಾತ್ರಿ ನಿದ್ರೆಯಿಲ್ಲ, ಹಗಲು ಅನ್ನ ಸೇರುವುದಿಲ್ಲ. ಹೀಗಿರುವಲ್ಲಿ ಅವರ ಮೊಮ್ಮಗನು ತನ್ನ ಮೊಬೈಲಿನಲ್ಲಿ ಒಂದು ಜಾಹೀರಾತನ್ನು ಕಂಡು, ಅದರಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ತುಂಬಿ, ಹಣವನ್ನೂ ಕಟ್ಟಿದನಂತೆ. ಅರ್ಧ ತಾಸಿನೊಳಗಾಗಿ ಯಾರೋ ವೈದ್ಯರು ಕರೆ ಮಾಡಿ, ಆರೇಳು ನಿಮಿಷ ಮಾತನಾಡಿ, ಚೀಟಿಯನ್ನು ಬರೆದು ಕಳುಹಿಸಿದರಂತೆ. ನಾಲ್ಕನೆಯ ದಿನ ಕೊರಿಯರಿನವನು ಒಂದು ಪುಟ್ಟ ಸೀಸೆಯನ್ನು ಮನೆಯ ಬಾಗಿಲಿಗೆ ತಂದುಕೊಟ್ಟನು. ಆ ಸೀಸೆಯಲ್ಲಿದ್ದುದು ಭಂಗಿಸೊಪ್ಪಿನ ಸಾರದಿಂದ ಮಾಡಿದ ತೈಲ.

ಮೇಷ್ಟರು ಆ ಸೀಸೆಯನ್ನೂ ಚೀಟಿಯ ಪ್ರತಿಯನ್ನೂ ನಮ್ಮ ಮೇಜಿನ ಮೇಲಿಟ್ಟು ಮೂರು ಪ್ರಶ್ನೆಗಳನ್ನು ಕೇಳಿದರು. “ಸ್ವಾಮಿ, ಇದು ಗಾಂಜಾ ಅಲ್ಲವೆ? ನಾಳೆ ಪೊಲೀಸಿನವರು ಬಂದು ಕೇಳಿದರೆ ಈ ಕಾಗದವು ನನ್ನನ್ನು ಕಾಯುತ್ತದೆಯೆ? ಅದೆಲ್ಲ ಹೋಗಲಿ, ಇದರಿಂದ ಅವಳ ನೋವು ಕಡಮೆಯಾಗುತ್ತದೆಯೆ?” ಸೀಸೆಯು ಇನ್ನೂ ತೆರೆಯದೆ ಇದ್ದಿತು. ಮೂರು ದಿನದಿಂದ ಅದನ್ನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೆನೆಂದು ಅವರು ಹೇಳಿದರು. ಜೀವಮಾನದಲ್ಲಿ ಒಂದು ದಿನವೂ ಠಾಣೆಯ ಮೆಟ್ಟಲು ಹತ್ತದ ಸಜ್ಜನರು, ಹೆಂಡತಿಯ ನೋವನ್ನು ಕಣ್ಣಾರೆ ಕಾಣುತ್ತ, ಔಷಧವನ್ನು ಬೀರುವಿನಲ್ಲಿ ಬಚ್ಚಿಟ್ಟು ಕಾಯುವಂತಾದುದು ಯಾವ ರಾಜ್ಯವ್ಯವಸ್ಥೆಗೂ ಶೋಭೆಯಲ್ಲ. ಆದಕಾರಣ ಈ ವಿಷಯದಲ್ಲಿ ಶಾಸನವು ಏನು ಹೇಳುತ್ತದೆ, ಏನು ಹೇಳದೆ ಬಿಟ್ಟಿದೆ, ವೈದ್ಯಶಾಸ್ತ್ರವು ಎಷ್ಟರಮಟ್ಟಿಗೆ ಆಶ್ವಾಸನ ಕೊಡುತ್ತದೆ ಎಂಬುದನ್ನು ವಾಚಕರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

ಗಿಡ ಒಂದು, ಹೆಸರು ಮೂರು

ಮೊದಲನೆಯದಾಗಿ, ಒಂದೇ ಗಿಡದಿಂದ ಬರುವ ಮೂರು ಪದಾರ್ಥಗಳನ್ನು ಜನರು ಒಂದೇ ಎಂದು ತಿಳಿದಿರುವುದರಿಂದ ಬಹಳ ಗೊಂದಲವುಂಟಾಗಿದೆ. ಗಿಡದ ಎಲೆಯು ಭಂಗಿ. ಅದರ ಹೂವಿನ ಅಥವಾ ಕಾಯಿಯ ತುದಿಯು ಗಾಂಜಾ. ಅದರಿಂದ ಬೇರ್ಪಡಿಸಿದ ಅಂಟು ಚರಸ್. ಈ ವಿಭಾಗವು ಇಂದು ನಿನ್ನೆಯದಲ್ಲ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ 1893ರಲ್ಲಿ ನೇಮಕವಾದ ಭಂಗಿ ಗಾಂಜಾ ವಿಚಾರಣಾ ಆಯೋಗವು, ಭಾರತದಲ್ಲೆಲ್ಲ ಸಂಚರಿಸಿ ಸಾವಿರಕ್ಕೂ ಹೆಚ್ಚು ಮಂದಿಯ ಸಾಕ್ಷ್ಯವನ್ನು ಪಡೆದು, 1894ರಲ್ಲಿ ವರದಿಯನ್ನೊಪ್ಪಿಸಿದಾಗಲೂ ಈ ಮೂರನ್ನು ಬೇರೆಬೇರೆಯಾಗಿಯೇ ಪರಿಶೀಲಿಸಿತ್ತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದ ಬಳಕೆಯಿಂದ ಹಾನಿಯುಂಟು, ಪೂರ್ಣ ನಿಷೇಧಕ್ಕಿಂತ ಹತೋಟಿಯೂ ತೆರಿಗೆಯೂ ಲೇಸು ಎಂಬುದು ಆ ಆಯೋಗದ ತೀರ್ಮಾನವಾಗಿದ್ದಿತು. ಅದಕ್ಕೂ ಅರ್ಧ ಶತಮಾನ ಮೊದಲು, 1839ರಲ್ಲಿ, ಕಲ್ಕತ್ತೆಯ ಓಶಾಗ್‌ನೆಸಿ ಎಂಬ ವೈದ್ಯನು ನಮ್ಮ ನಾಟಿ ವೈದ್ಯರಿಂದಲೇ ಇದರ ಉಪಯೋಗವನ್ನು ತಿಳಿದು, ಪ್ರಯೋಗಗಳನ್ನು ಮಾಡಿ, ಪಶ್ಚಿಮದ ವೈದ್ಯಲೋಕಕ್ಕೆ ಪರಿಚಯ ಮಾಡಿಕೊಟ್ಟನು. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂದು ಹೆಸರು. ಇಂದು ಆಂಗ್ಲ ನಾಮಧೇಯವನ್ನು ಧರಿಸಿ ನಮಗೇ ಮಾರಾಟಕ್ಕೆ ಬಂದಿರುವ ವಸ್ತುವು ನಮ್ಮ ಹಿತ್ತಿಲಿನದೇ.

ಸ್ವಾತಂತ್ರ್ಯಾನಂತರ 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ ಎಲೆಯು ಗಾಂಜಾದ ವ್ಯಾಖ್ಯೆಯಿಂದ ಹೊರಗೆ ಉಳಿಯಿತು. 1985ರಲ್ಲಿ ನಮ್ಮ ಪಾರ್ಲಿಮೆಂಟು ಮಾಡಿದ ಮಾದಕ ದ್ರವ್ಯ ಹಾಗೂ ಮನಃಪ್ರಭಾವಕ ವಸ್ತುಗಳ ಅಧಿನಿಯಮವು ಅದೇ ವ್ಯಾಖ್ಯೆಯನ್ನು ಅನುಸರಿಸಿದೆ. ಹೂವಿನ ತುದಿ ಜೊತೆಗೂಡದ ಎಲೆಯೂ ಬೀಜವೂ ಆ ಅಧಿನಿಯಮದ ಗಾಂಜಾ ಅಲ್ಲ. ಚರಸ್ಸು, ಗಾಂಜಾ ಮತ್ತು ಇವೆರಡರ ಯಾವುದೇ ಮಿಶ್ರಣವು ಅಪರಾಧ. ಗಾಂಜಾ ವಿಷಯದಲ್ಲಿ ಒಂದು ಕಿಲೋಗ್ರಾಂವರೆಗಿನ ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆಯನ್ನು ವಿಧಿಸಬಹುದು. ಎಲೆಯಾದರೋ ರಾಜ್ಯಗಳ ಅಬಕಾರಿ ಶಾಸನದ ಅಧೀನಕ್ಕೆ ಬಿಟ್ಟದ್ದು. ನಮ್ಮಲ್ಲಿ ಅದು 1965ರ ಕರ್ನಾಟಕ ಅಬಕಾರಿ ಅಧಿನಿಯಮ.

ನಮ್ಮ ಉಚ್ಚ ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆಯು ಬಂದಿತ್ತು. ಬೆಂಗಳೂರಿನಲ್ಲಿ 29 ಕಿಲೋಗ್ರಾಂ ಭಂಗಿಯೊಡನೆ ಸೆರೆಸಿಕ್ಕ ಒಬ್ಬ ವ್ಯಕ್ತಿಯ ಜಾಮೀನು ಅರ್ಜಿಯನ್ನು 2022ರ ಆಗಸ್ಟ್ ತಿಂಗಳಲ್ಲಿ ಪುರಸ್ಕರಿಸುತ್ತ, ನ್ಯಾಯಮೂರ್ತಿ ಕೆ. ನಟರಾಜನ್ ಅವರು, ಆ ಭಂಗಿಯು ಗಾಂಜಾದಿಂದ ಅಥವಾ ಚರಸ್ಸಿನಿಂದ ಸಿದ್ಧವಾದುದೆಂದು ತೋರಿಸುವ ಆಧಾರವಿಲ್ಲವೆಂದೂ, ಎಲೆಯು ಕೇಂದ್ರ ಅಧಿನಿಯಮದ ಗಾಂಜಾ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದೂ ಅಭಿಪ್ರಾಯಪಟ್ಟರು. ಆದರೆ ವಾಚಕರು ಒಂದನ್ನು ಮರೆಯಬಾರದು. ಇದು ಜಾಮೀನಿನ ಹಂತದ ಆದೇಶ. ಆ ಮನುಷ್ಯನು ಜಾಮೀನು ದೊರೆಯುವ ಮೊದಲು ಸೆರೆಮನೆಯಲ್ಲಿ ಇರಬೇಕಾಗಿಯೇ ಬಂದಿತಲ್ಲವೆ? ನ್ಯಾಯವು ಉಚ್ಚ ನ್ಯಾಯಾಲಯದಲ್ಲಿ ದೊರೆಯುತ್ತದೆಂಬ ಮಾತು ಸೋಮನಹಳ್ಳಿಯ ಮೇಷ್ಟರಿಗೆ ಎಷ್ಟು ಸಮಾಧಾನವನ್ನು ಕೊಟ್ಟೀತು?

ಔಷಧವಾದದ್ದು ಹೇಗೆ?

ಎಲೆಯು ಗಾಂಜಾ ಅಲ್ಲವೆಂಬ ಈ ಒಂದು ಸಂದಿನಲ್ಲಿಯೇ ಇಂದಿನ ಭಂಗಿ ಔಷಧದ ವ್ಯಾಪಾರವೆಲ್ಲ ನಿಂತಿದೆ. ಆಯುರ್ವೇದ ಔಷಧಗಳನ್ನು ತಯಾರಿಸುವವರು ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಶಾಸನದಂತೆ ತಮ್ಮ ರಾಜ್ಯದ ಅಧಿಕಾರಿಗಳಿಂದ ಪರವಾನಗಿಯನ್ನು ಪಡೆಯಬೇಕು. ಎಲೆಯನ್ನು ಅಬಕಾರಿ ಇಲಾಖೆಯ ಅನುಮತಿಯಂತೆ ಕೊಳ್ಳಬೇಕು. ಇವೆರಡೂ ಇದ್ದರೆ ಅವರು ವಿಜಯಾ ಎಂಬ ಹೆಸರಿನಿಂದ ತೈಲವನ್ನೋ ಗುಳಿಗೆಯನ್ನೋ ಮಾಡಿ ಮಾರಬಹುದು. 2020ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿಯೇ ಇಂಥ ಔಷಧಕ್ಕೆಂದು ಮೀಸಲಾದ ಚಿಕಿತ್ಸಾಲಯವೊಂದು ತೆರೆದು, ದೇಶಕ್ಕೆ ಮೊದಲನೆಯದೆಂದು ಸಾರಿಕೊಂಡಿತು.

ಅದಾದ ಮರುತಿಂಗಳೇ ಕೋವಿಡ್ ಮಹಾಮಾರಿಯು ದೇಶದ ಬಾಗಿಲನ್ನು ಮುಚ್ಚಿಸಿತು. 2020ರ ಮಾರ್ಚ್ 25ನೆಯ ತಾರೀಖಿನಂದು, ಎಂದರೆ ದೇಶವೆಲ್ಲ ಮನೆಯೊಳಗೆ ಸೇರಿದ ದಿನವೇ, ಕೇಂದ್ರ ಸರ್ಕಾರದವರು ದೂರವೈದ್ಯದ ಮಾರ್ಗಸೂಚಿಯನ್ನು ಹೊರಡಿಸಿದರು. ಏಪ್ರಿಲ್ ತಿಂಗಳಲ್ಲಿ ಆಯುರ್ವೇದ, ಸಿದ್ಧ, ಯುನಾನಿ ವೈದ್ಯರಿಗಾಗಿ ಪ್ರತ್ಯೇಕವಾದ ಮಾರ್ಗಸೂಚಿಯು ಬಂದಿತು. ವೈದ್ಯನು ರೋಗಿಯನ್ನು ಮುಟ್ಟದೆ, ದೂರವಾಣಿಯ ಮೂಲಕ ವಿಚಾರಿಸಿ ಚೀಟಿ ಬರೆಯಬಹುದೆಂಬುದು ಅಂದಿನಿಂದ ನಿಸ್ಸಂದೇಹವಾಗಿ ಶಾಸನಸಮ್ಮತವಾಯಿತು.

ಈ ಏರ್ಪಾಟನ್ನು ನಾವು ಹಳಿಯುವುದಿಲ್ಲ. ದೂರವೈದ್ಯವು ನಮ್ಮ ಸೀಮೆಗೆ ಹೊಸದೂ ಅಲ್ಲ. 2002ರ ಸುಮಾರಿನಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗೆ ಜೋಡಿಸಿದ್ದುಂಟು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಇದೇ ಸೋಮನಹಳ್ಳಿಯಲ್ಲಿ ಜನಿಸಿದ ಎಸ್. ಎಂ. ಕೃಷ್ಣ ಅವರು, ಸಹಕಾರ ಸಂಘಗಳ ರೈತಸದಸ್ಯರಿಗೆ ಶಸ್ತ್ರಚಿಕಿತ್ಸೆಯ ನೆರವನ್ನು ಕೊಟ್ಟ ಯಶಸ್ವಿನಿ ಯೋಜನೆಯೂ ಅವರ ಕಾಲದ್ದೇ. ಈಗ ಕೇಂದ್ರ ಸರ್ಕಾರದ ಇ-ಸಂಜೀವಿನಿಯ ಮೂಲಕ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕುಳಿತು ದೂರದ ವೈದ್ಯರನ್ನು ಹಣವಿಲ್ಲದೆ ಕಾಣಬಹುದು. ಎದ್ದು ಕೂಡಲಾರದ ರೋಗಿಯನ್ನು ಎಪ್ಪತ್ತು ಎಂಬತ್ತು ಕಿಲೋಮೀಟರು ಬಸ್ಸಿನಲ್ಲಿ ಕುಲುಕಿಸಿಕೊಂಡು ಬೆಂಗಳೂರಿಗೆ ಒಯ್ಯುವುದು ತಪ್ಪಿದರೆ ಅದಕ್ಕಿಂತ ದೊಡ್ಡ ಉಪಕಾರ ಯಾವುದು? ದೂರವಾಣಿಯಿಂದ ಬಂದ ಚೀಟಿ ಎಂಬ ಒಂದೇ ಕಾರಣದಿಂದ ಅದನ್ನು ಅನುಮಾನಿಸುವುದು ಅವಿವೇಕ. ಆ ಚೀಟಿಯನ್ನು ಬರೆದವನು ಯಾರ ಸೇವಕನೆಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಚೀಟಿಯ ಮೌಲ್ಯ

ಮಾರ್ಗಸೂಚಿಯಲ್ಲಿರುವ ನಿಬಂಧನೆಗಳನ್ನು ಜನರು ತಿಳಿದಿರಬೇಕು. ದೂರದಿಂದ ಚಿಕಿತ್ಸೆ ಮಾಡುವ ವೈದ್ಯನು ನೋಂದಾಯಿತನಾಗಿರಬೇಕು. ತನ್ನ ಹೆಸರನ್ನೂ ಅರ್ಹತೆಯನ್ನೂ ಮೊದಲು ತಿಳಿಸಬೇಕು. ಚೀಟಿಯಲ್ಲಿ ನೋಂದಣಿ ಸಂಖ್ಯೆಯು ಕಾಣಬೇಕು. ರೋಗಿಯ ಹೆಸರು ವಯಸ್ಸುಗಳನ್ನು ವಿಚಾರಿಸಿಕೊಂಡಿರಬೇಕು. ನಡೆದ ಸಮಾಲೋಚನೆಯ ದಾಖಲೆಯನ್ನು ಇಟ್ಟಿರಬೇಕು. ಔಷಧವನ್ನು ತನಗೆ ಇಷ್ಟವಾದ ಅಂಗಡಿಯಲ್ಲಿ ಕೊಳ್ಳುವ ಸ್ವಾತಂತ್ರ್ಯವು ರೋಗಿಯದು. ಜಾಹೀರಾತಿನಿಂದಲೋ ಆಮಿಷದಿಂದಲೋ ರೋಗಿಗಳನ್ನು ಸೆಳೆಯುವುದು ವೃತ್ತಿದ್ರೋಹ. ಯಂತ್ರದ ಕೃತಕ ಬುದ್ಧಿಯು ರೋಗಿಗೆ ಸಲಹೆಯನ್ನಾಗಲಿ ಚೀಟಿಯನ್ನಾಗಲಿ ಕೊಡಕೂಡದು.

ಇಷ್ಟಲ್ಲದೆ ಅಲೋಪಥಿ ವೈದ್ಯರ ಮಾರ್ಗಸೂಚಿಯಲ್ಲಿ ಒಂದು ನಿಷಿದ್ಧ ಪಟ್ಟಿಯುಂಟು. 1985ರ ಅಧಿನಿಯಮದಲ್ಲಿ ಹೆಸರಿಸಿರುವ ಯಾವ ಮಾದಕ ದ್ರವ್ಯವನ್ನೂ ಮನಃಪ್ರಭಾವಕ ವಸ್ತುವನ್ನೂ ದೂರವಾಣಿಯ ಮೂಲಕ ಬರೆಯಕೂಡದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿಯೇ ತೊಡಕು. ಎಲೆಯು ಗಾಂಜಾ ಅಲ್ಲ, ನಿಜ. ಆದರೆ ಎಲೆಯಲ್ಲಿಯೂ ಅಲ್ಪಸ್ವಲ್ಪ ಇರುವ ಮಾದಕ ಸತ್ತ್ವ, ಟಿ.ಎಚ್.ಸಿ. ಎಂದು ಸಂಕ್ಷೇಪವಾಗಿ ಕರೆಯುವ ಟೆಟ್ರಾಹೈಡ್ರೊಕ್ಯಾನಬಿನಾಲ್, ಅದೇ ಅಧಿನಿಯಮದ ಮನಃಪ್ರಭಾವಕ ವಸ್ತುಗಳ ಪಟ್ಟಿಯಲ್ಲಿದೆ. ಎಲೆಯನ್ನು ಒಂದು ಕೈಯಿಂದ ಬಿಟ್ಟು ಎಲೆಯೊಳಗಿನ ಸತ್ತ್ವವನ್ನು ಇನ್ನೊಂದು ಕೈಯಿಂದ ಹಿಡಿಯುವ ಶಾಸನವಿದು. ಎಲೆಯನ್ನು ಅರೆದು ಕುಡಿದರೆ ಒಂದು ಮಾತು. ನೂರಾರು ಎಲೆಗಳ ಸಾರವನ್ನು ಇಳಿಸಿ ಒಂದು ಸೀಸೆಯಲ್ಲಿ ಗಟ್ಟಿಮಾಡಿದರೆ ಆಗ ಅದು ಎಲೆಯೋ ಸತ್ತ್ವವೋ? ಆಯುರ್ವೇದದ ಹೆಸರಿನಲ್ಲಿ ಪರವಾನಗಿ ಪಡೆದ ಔಷಧವೆಂದು ತಯಾರಕರು ಹೇಳುತ್ತಾರೆ. ರಸ್ತೆಯಲ್ಲಿ ಚೀಲವನ್ನು ತಪಾಸಣೆ ಮಾಡುವ ಪೇದೆಯು ಈ ಸೂಕ್ಷ್ಮವನ್ನು ಹೇಗೆ ಬಲ್ಲನು? ಮಂಡ್ಯದಿಂದ ಮಾದರಿಯು ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವವರೆಗೆ ಮೇಷ್ಟರ ಗತಿಯೇನು?

ಆದುದರಿಂದ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರವು ಹೀಗೆ: ಪರವಾನಗಿಯುಳ್ಳ ತಯಾರಕರ ಮೊಹರು ಮುರಿಯದ ಸೀಸೆ, ಅದರ ಮೇಲಿನ ಪರವಾನಗಿ ಸಂಖ್ಯೆ, ಕೊಂಡ ರಸೀದಿ, ನೋಂದಾಯಿತ ವೈದ್ಯನ ರುಜುವುಳ್ಳ ಚೀಟಿ, ರೋಗಿಯ ಆಸ್ಪತ್ರೆಯ ಕಾಗದ, ಇವಿಷ್ಟೂ ಒಟ್ಟಿಗಿದ್ದರೆ ಅದು ಒಳ್ಳೆಯ ರಕ್ಷೆ. ಬರಿಯ ಚೀಟಿಯು ರಕ್ಷೆಯಲ್ಲ. ಚೀಟಿಯನ್ನು ತೋರಿಸಿ ಹೊರಗೆ ಗಾಂಜಾವನ್ನು ಕೊಂಡವನನ್ನು ಯಾವ ವೈದ್ಯನ ರುಜುವೂ ಉಳಿಸಲಾರದು. ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ದೂರವಾಣಿಯಲ್ಲಿ ವೈದ್ಯನೊಡನೆ ಮಾತನಾಡಿ ಗಾಂಜಾದ ಕಾರ್ಡನ್ನು ಪಡೆಯುವ ಕ್ರಮವುಂಟೆಂದು ನಮ್ಮ ತರುಣರು ಓದಿ, ಇಲ್ಲಿಯೂ ಹಾಗೆಯೇ ಎಂದು ಭಾವಿಸುತ್ತಾರೆ. ಅಲ್ಲಿನ ಆ ಕಾರ್ಡು ಆಯಾ ಸಂಸ್ಥಾನದ ಶಾಸನದಿಂದ ಬಂದದ್ದು. ನಮ್ಮಲ್ಲಿ ಅಂಥ ಕಾರ್ಡೂ ಇಲ್ಲ, ಅಂಥ ಶಾಸನವೂ ಇಲ್ಲ. ಅಂಥದನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವವನು ವಂಚಕನೆಂದೇ ತಿಳಿಯತಕ್ಕದ್ದು.

ಕನ್ನಡಿಗನಿಗೆ ಎಚ್ಚರಿಕೆ ಯಾವ ಭಾಷೆಯಲ್ಲಿ?

ಆ ಸೀಸೆಯ ಮೇಲಿನ ಬರೆಹವನ್ನು ನಾವು ಕನ್ನಡಕ ಹಾಕಿಕೊಂಡು ಓದಿದೆವು. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕದ್ದೆಂಬ ಎಚ್ಚರಿಕೆಯು ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಕನ್ನಡದ ಒಂದಕ್ಷರವೂ ಇರಲಿಲ್ಲ. ಇದು ತಯಾರಕರ ಅಲಕ್ಷ್ಯವೆಂದು ನಾವು ಮೊದಲು ಭಾವಿಸಿದೆವು. ನಿಯಮವನ್ನೇ ತೆಗೆದು ನೋಡಿದಾಗ ತಪ್ಪು ಬೇರೆ ಕಡೆ ಇರುವುದು ತಿಳಿಯಿತು. 1945ರ ಔಷಧ ನಿಯಮಗಳ 161ನೆಯ ನಿಯಮವೇ, ವಿಷಪದಾರ್ಥಗಳ ಪಟ್ಟಿಗೆ ಸೇರಿದ ವಸ್ತುಗಳಿಂದ ಮಾಡಿದ ಆಯುರ್ವೇದ ಔಷಧದ ಮೇಲೆ ಈ ಎಚ್ಚರಿಕೆಯು ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಇರಬೇಕೆಂದು ವಿಧಿಸುತ್ತದೆ. ಆ ಪಟ್ಟಿಯಲ್ಲಿ ಅಫೀಮು, ದತ್ತೂರಿ, ವತ್ಸನಾಭಿ ಇವುಗಳೊಡನೆ ಭಂಗಿಯೂ ಸೇರಿದೆ.

ಮದ್ದೂರು, ಮಳವಳ್ಳಿ, ಮಂಡ್ಯದ ಹಳ್ಳಿಗಳಲ್ಲಿ ರೋಗಿಗೆ ಔಷಧವನ್ನು ಎಣಿಸಿ ಹನಿಸುವವರು ಯಾರು? ಮಗಳು, ಸೊಸೆ, ಅಥವಾ ವಯಸ್ಸಾದ ಗಂಡ. ಎಷ್ಟು ಹನಿ, ಎಷ್ಟು ಹೊತ್ತಿಗೆ, ಯಾವ ಔಷಧದೊಡನೆ ಕೂಡದು ಎಂಬುದನ್ನು ಅವರು ಯಾವ ಭಾಷೆಯಲ್ಲಿ ಓದಬೇಕು? ಎಚ್ಚರಿಕೆಯೆಂಬುದು ಓದಿದವನಿಗೆ ತಿಳಿದರೆ ತಾನೆ ಎಚ್ಚರಿಕೆ! ಭಾಷಾವಾರು ರಾಜ್ಯವಾಗಿ ಇಷ್ಟು ವರ್ಷಗಳಾದ ಮೇಲೂ ವಿಷದ ಎಚ್ಚರಿಕೆಯು ಕನ್ನಡದಲ್ಲಿ ಇರತಕ್ಕದ್ದೆಂದು ಒತ್ತಾಯಿಸುವವರು ಯಾರೂ ಇಲ್ಲದಿರುವುದು ನಮ್ಮ ಪ್ರತಿನಿಧಿಗಳ ಕಣ್ಣಿಗೆ ಬೀಳಲಿಲ್ಲವೆ? ಅಂಗಡಿಯ ಹಲಗೆಗಳ ಮೇಲೆ ಕನ್ನಡವಿರಬೇಕೆಂದು ಹೋರಾಡುವ ನಮ್ಮ ಮಿತ್ರರು ಔಷಧದ ಸೀಸೆಯ ಕಡೆಗೂ ಒಮ್ಮೆ ತಿರುಗಿ ನೋಡಬೇಕೆಂದು ಬೇಡುತ್ತೇವೆ.

ಗುಣ ಎಷ್ಟು, ದೋಷ ಎಷ್ಟು?

ಇನ್ನು ಮೂರನೆಯ ಪ್ರಶ್ನೆ. ಭಂಗಿಯು ಸರ್ವರೋಗನಿವಾರಕವೆಂದು ಹೇಳುವವರೂ, ಅದು ಕೇವಲ ಹುಚ್ಚಿನ ಮೂಲವೆಂದು ಹೇಳುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಪರೀಕ್ಷೆಗೆ ಕಾಯುವುದಿಲ್ಲ. ಪರೀಕ್ಷಿಸಿದವರು ಹೇಳಿರುವುದು ಇಷ್ಟು. ಕ್ಯಾನ್ಸರಿನ ಔಷಧಗಳಿಂದ ಬರುವ ವಾಂತಿಯನ್ನು ತಡೆಯಲು ಈ ಸತ್ತ್ವದ ಕೃತಕ ರೂಪಗಳಿಗೆ ಅಮೆರಿಕದಲ್ಲಿ 1985ರಲ್ಲಿಯೇ ಅನುಮತಿ ದೊರೆಯಿತು. ಮಕ್ಕಳಲ್ಲಿ ಕಾಣುವ ಎರಡು ಬಗೆಯ ಕಠಿಣ ಮೂರ್ಛೆರೋಗಗಳಿಗೆ ಕ್ಯಾನಬಿಡಿಯಾಲ್ ಎಂಬ, ಅಮಲೇರಿಸದ ಇನ್ನೊಂದು ಸತ್ತ್ವದ ಔಷಧವನ್ನು 2018ರಲ್ಲಿ ಅದೇ ದೇಶವು ಒಪ್ಪಿತು. ಅಲ್ಲಿನ ವಿಜ್ಞಾನ ಅಕಾಡೆಮಿಗಳ 2017ರ ವರದಿಯು ವಯಸ್ಕರ ದೀರ್ಘಕಾಲದ ನೋವಿಗೆ ಇದರಿಂದ ಉಪಶಮನವುಂಟೆಂಬುದಕ್ಕೆ ಗಣನೀಯ ಆಧಾರವಿದೆಯೆಂದಿತು. ಆದರೆ ನೋವನ್ನೇ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2021ರಲ್ಲಿ, ಆಧಾರವು ಸಾಲದು, ಸಾಮಾನ್ಯ ಬಳಕೆಗೆ ನಾವು ಶಿಫಾರಸು ಮಾಡಲಾರೆವು ಎಂದಿತು. ಪಂಡಿತರಲ್ಲಿಯೇ ಒಮ್ಮತವಿಲ್ಲ. ಒಂದರಲ್ಲಿ ಮಾತ್ರ ಸಂದೇಹವಿಲ್ಲ: ಇದು ಕ್ಯಾನ್ಸರ್ ಗಂಟನ್ನು ಕರಗಿಸುತ್ತದೆಂಬುದಕ್ಕೆ ಮನುಷ್ಯರ ಮೇಲಿನ ತಕ್ಕ ಪ್ರಮಾಣವಿಲ್ಲ. ಕ್ಯಾನ್ಸರು, ಮಧುಮೇಹ, ಮೂರ್ಛೆರೋಗ ಮೊದಲಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ಶಾಸನವು ನಿಷೇಧಿಸಿದೆ. ಅಂಥ ಜಾಹೀರಾತನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟವರು ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ; ಆ ರೋಗದಲ್ಲಿ ಕಾಲವೆಂದರೆ ಪ್ರಾಣ.

ದೋಷಗಳೂ ಉಂಟು. ತಲೆಸುತ್ತು, ಮಂಪರು ಬಂದು ವೃದ್ಧರು ಬಿದ್ದು ಎಲುಬು ಮುರಿದುಕೊಳ್ಳಬಹುದು. ಮನೋವಿಕಾರದ ಹಿನ್ನೆಲೆಯುಳ್ಳವರಿಗೂ ಗರ್ಭಿಣಿಯರಿಗೂ ಎಳೆಯರಿಗೂ ಇದು ಕೂಡದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂರ್ಛೆಗೆ ಕೊಡುವ ಕೆಲವು ಗುಳಿಗೆಗಳು, ಇವುಗಳೊಡನೆ ಸೇರಿದಾಗ ಅವುಗಳ ಬಲವನ್ನು ಅಪಾಯಕರವಾಗಿ ಏರಿಸಬಲ್ಲದು. ಆರೇಳು ನಿಮಿಷ ಮಾತನಾಡಿದ ವೈದ್ಯರು, ರೋಗಿಯು ಬೇರೆ ಏನೇನು ಔಷಧ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿದರೆ ಎಂದು ನಾವು ಮೇಷ್ಟರನ್ನು ವಿಚಾರಿಸಿದೆವು. “ಕೇಳಿದ ಹಾಗಿಲ್ಲ ಸ್ವಾಮಿ” ಎಂದರು.

ಪರದೇಶದ ಪಾಠ

ಈ ದಾರಿಯಲ್ಲಿ ನಮಗಿಂತ ಮುಂದೆ ಹೋದ ದೇಶಗಳು ಏನನ್ನು ಕಂಡವು? ಇಂಗ್ಲೆಂಡು 2018ರ ನವೆಂಬರ್ 1ರಿಂದ ಗಾಂಜಾ ಔಷಧಕ್ಕೆ ಎಡೆಕೊಟ್ಟಿತು. ಆದರೆ ಅದನ್ನು ಆರಂಭಿಸುವ ಅಧಿಕಾರವನ್ನು ತಜ್ಞವೈದ್ಯರ ಕೈಯಲ್ಲಿಯೇ ಇಟ್ಟಿತು. ಆಸ್ಟ್ರೇಲಿಯವು ದೂರವಾಣಿಯ ಚಿಕಿತ್ಸಾಲಯಗಳಿಗೆ ಬಾಗಿಲನ್ನು ಅಗಲವಾಗಿ ತೆರೆಯಿತು. ಫಲವನ್ನು ಅಲ್ಲಿನ ವೈದ್ಯವೃತ್ತಿಯ ನಿಯಂತ್ರಕರೇ 2025ರ ಜುಲೈ ತಿಂಗಳಲ್ಲಿ ಹೊರಗಿಟ್ಟರು: ಎಂಟು ಮಂದಿ ವೈದ್ಯರು ಆರು ತಿಂಗಳಲ್ಲಿ ತಲಾ 10,000ಕ್ಕೂ ಹೆಚ್ಚು ಚೀಟಿಗಳನ್ನು ಬರೆದಿದ್ದರು, ಒಬ್ಬನು ಬರೆದದ್ದು 17,000ಕ್ಕೂ ಮೇಲು. ಭಾನುವಾರವೂ ಬಿಡುವಿಲ್ಲದೆ ದಿನಕ್ಕೆ ಎಂಟು ತಾಸು ದುಡಿದರೂ ಒಂದೊಂದು ಚೀಟಿಗೆ ಬೀಳುವ ಕಾಲವು ಐದಾರು ನಿಮಿಷ. ಥೈಲೆಂಡು 2022ರಲ್ಲಿ ಗಾಂಜಾವನ್ನು ಮಾದಕ ಪಟ್ಟಿಯಿಂದ ತೆಗೆದು, ಬೀದಿಬೀದಿಗೆ ಅಂಗಡಿಯಾದ ಮೇಲೆ, 2025ರ ಜೂನ್ ತಿಂಗಳಲ್ಲಿ ಚೀಟಿಯಿಲ್ಲದೆ ಹೂವನ್ನು ಮಾರಕೂಡದೆಂದು ಹಿಂದಿರುಗಿತು. ವಿಶ್ವಸಂಸ್ಥೆಯ ಮಾದಕ ದ್ರವ್ಯಗಳ ಆಯೋಗವು 2020ರ ಡಿಸೆಂಬರ್ 2ರಂದು 27ಕ್ಕೆ 25 ಮತಗಳಿಂದ ಗಾಂಜಾವನ್ನು ಅತ್ಯಂತ ಕಠಿಣ ಪಟ್ಟಿಯಿಂದ ಇಳಿಸಿದಾಗ ಭಾರತವು ಇಳಿಸಬೇಕೆಂದೇ ಮತ ಕೊಟ್ಟಿತು. ವಿಯೆನ್ನಾದಲ್ಲಿ ಕೈಯೆತ್ತಿದ ಸರ್ಕಾರವು ಮಂಡ್ಯದಲ್ಲಿ ಏನು ಮಾಡಬೇಕೆಂಬುದನ್ನು ಹೇಳದೆ ಬಿಟ್ಟಿದೆ.

ಮಾರುವವನೇ ವೈದ್ಯನನ್ನು ಒದಗಿಸಿ, ಆ ವೈದ್ಯನ ಚೀಟಿಯ ಮೇಲೆ ತನ್ನ ಸರಕನ್ನೇ ಕಳುಹಿಸುವ ಏರ್ಪಾಟಿನಲ್ಲಿ ವೈದ್ಯನು ಬೇಡವೆಂದು ಹೇಳುವುದು ದುರ್ಲಭ. ಮಾರ್ಗಸೂಚಿಯು ರೋಗಿಗೆ ಅಂಗಡಿಯನ್ನು ಆರಿಸುವ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಇದನ್ನು ತಡೆಯಲೆಂದೇ. ಮೇಷ್ಟರ ಮೊಮ್ಮಗನಿಗೆ ಆ ಸ್ವಾತಂತ್ರ್ಯವಿತ್ತೆಂದು ಯಾರೂ ಹೇಳಲಿಲ್ಲ.

ಮರೆತ ಔಷಧ

ಈ ಗದ್ದಲದಲ್ಲಿ ಎಲ್ಲರೂ ಮರೆತಿರುವ ಮಾತೊಂದನ್ನು ನೆನಪಿಸಬೇಕು. ಕ್ಯಾನ್ಸರಿನ ಕಡು ನೋವಿಗೆ ಪರೀಕ್ಷಿತವಾದ, ಅಗ್ಗವಾದ ಔಷಧವು ಬಹುಕಾಲದಿಂದ ಇದೆ. ಅದು ಅಫೀಮಿನಿಂದ ಬರುವ ಮಾರ್ಫಿನ್ ಗುಳಿಗೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮನ್ನು ಬೆಳೆದು ಹೊರದೇಶಗಳಿಗೆ ಕಳುಹಿಸುವ ನಮ್ಮ ದೇಶದಲ್ಲಿ ನಮ್ಮ ರೋಗಿಗೆ ಆ ಗುಳಿಗೆ ದೊರೆಯುವುದು ಕಷ್ಟವಾಗಿದ್ದಿತು. 1985ರ ಅಧಿನಿಯಮವು ಹೇರಿದ ಹಲವು ಪರವಾನಗಿಗಳ ಹೊರೆಯೇ ಇದಕ್ಕೆ ಮುಖ್ಯ ಕಾರಣ. 2014ರ ತಿದ್ದುಪಡಿಯು ಮಾರ್ಫಿನ್ ಮೊದಲಾದ ಆರನ್ನು ಅತ್ಯಾವಶ್ಯಕ ಮಾದಕೌಷಧಗಳೆಂದು ಪ್ರತ್ಯೇಕಿಸಲು ಎಡೆಮಾಡಿ, 2015ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮವು ಬಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಇವನ್ನು ಇಟ್ಟುಕೊಳ್ಳಬಹುದೆಂದಾಯಿತು. ಹಾಗಾದರೆ ಜಿಲ್ಲೆಯ, ತಾಲ್ಲೂಕಿನ ಆಸ್ಪತ್ರೆಗಳಲ್ಲಿ ಎಷ್ಟಕ್ಕೆ ಆ ಮಾನ್ಯತೆಯಿದೆ? ಎಷ್ಟರಲ್ಲಿ ಗುಳಿಗೆ ನಿಜವಾಗಿ ದಾಸ್ತಾನಿದೆ? ಆರೋಗ್ಯ ಇಲಾಖೆಯವರು ಇದನ್ನು ಪ್ರಕಟಿಸಲಿ. ಹಿತ್ತಾಳೆಗಿಂತ ಅಗ್ಗವಾಗಿ ಚಿನ್ನವು ದೊರೆಯುವ ಕಡೆ ಹಿತ್ತಾಳೆಯ ಅಂಗಡಿಗೆ ಯಾರೂ ಹೋಗರು. ಆಸ್ಪತ್ರೆಯಲ್ಲಿ ನೋವಿಗೆ ಮದ್ದಿಲ್ಲದ ಕಾರಣದಿಂದಲೇ ಮೊಮ್ಮಗನು ಮೊಬೈಲಿನ ಜಾಹೀರಾತನ್ನು ನಂಬಿದನು; ಅವನನ್ನು ದೂಷಿಸಲು ನಮಗೆ ಮನಸ್ಸಿಲ್ಲ.

ಸರ್ಕಾರಕ್ಕೆ ನಮ್ಮ ಅರಿಕೆ

ಶಾಸನವನ್ನು ತಲೆಕೆಳಗು ಮಾಡಬೇಕೆಂದು ನಾವು ಕೇಳುವುದಿಲ್ಲ. ರಾಜ್ಯ ಸರ್ಕಾರದವರು ತಮ್ಮ ಕೈಯಲ್ಲಿರುವುದನ್ನೇ ಮಾಡಿದರೆ ಸಾಕು. ಪರವಾನಗಿ ಪಡೆದ ಭಂಗಿ ಔಷಧಗಳ ಪಟ್ಟಿಯನ್ನು ಆಯುಷ್ ಇಲಾಖೆಯವರು ಕನ್ನಡದಲ್ಲಿ ಪ್ರಕಟಿಸಲಿ. ರೋಗಿಯು ಯಾವ ಕಾಗದಗಳನ್ನು ಇಟ್ಟುಕೊಂಡರೆ ಆತನನ್ನು ತಡೆಯಕೂಡದೆಂದು ಅಬಕಾರಿ ಮತ್ತು ಪೊಲೀಸ್ ಇಲಾಖೆಗಳು ಕೂಡಿ ಒಂದು ಸುತ್ತೋಲೆಯನ್ನು ಪ್ರತಿಯೊಂದು ಠಾಣೆಗೂ ಕಳುಹಿಸಲಿ. ಮೊದಲನೆಯ ಸಲದ ಚೀಟಿಗೆ ರೋಗಿಯ ಮುಖ ಕಾಣುವಂತೆ ಸಮಾಲೋಚನೆ ನಡೆಯತಕ್ಕದ್ದೆಂದೂ, ಅದರ ಪ್ರತಿಯು ರೋಗಿಯನ್ನು ನೋಡುತ್ತಿರುವ ಆಸ್ಪತ್ರೆಗೆ ಹೋಗತಕ್ಕದ್ದೆಂದೂ, ಚೀಟಿ ಬರೆಯುವವನು ಮಾರುವವನಿಂದ ಸಂಬಳ ಪಡೆಯಕೂಡದೆಂದೂ ಕೇಂದ್ರಕ್ಕೆ ಬರೆದು ನಿಯಮ ಮಾಡಿಸಲಿ. ಸೀಸೆಯ ಮೇಲೆ ಟಿ.ಎಚ್.ಸಿ. ಎಷ್ಟು, ಕ್ಯಾನಬಿಡಿಯಾಲ್ ಎಷ್ಟು, ಹನಿಯ ಅಳತೆ ಎಷ್ಟು ಎಂಬುದೂ ಎಚ್ಚರಿಕೆಯೂ ಕನ್ನಡದಲ್ಲಿರಲಿ. ಜಮ್ಮುವಿನಲ್ಲಿ ಕೇಂದ್ರದ ವೈಜ್ಞಾನಿಕ ಸಂಸ್ಥೆಯೊಂದು ಪರವಾನಗಿಯಿಂದ ಈ ಗಿಡವನ್ನು ಬೆಳೆಸಿ ಸಂಶೋಧನೆ ನಡೆಸಿದೆ. ನಮ್ಮ ಕಿದ್ವಾಯಿ ಸಂಸ್ಥೆಯೂ ಮಂಡ್ಯದ ವೈದ್ಯ ಕಾಲೇಜೂ ಕೂಡಿ ನಮ್ಮ ರೋಗಿಗಳ ನೋವಿನ ಮೇಲೆ ಒಂದು ಕ್ರಮಬದ್ಧವಾದ ಪರೀಕ್ಷೆಯನ್ನೇಕೆ ನಡೆಸಬಾರದು?

ಸೋಮನಹಳ್ಳಿಯಿಂದ ಕೂಗಳತೆಯ ಶಿವಪುರದಲ್ಲಿ 1938ರ ಏಪ್ರಿಲ್ ತಿಂಗಳಲ್ಲಿ ನಿಷೇಧಾಜ್ಞೆಯಿದ್ದರೂ ಧ್ವಜವನ್ನು ಏರಿಸಿದವರು ಈ ಸೀಮೆಯ ರೈತರೂ ಉಪಾಧ್ಯಾಯರೂ ವಕೀಲರೂ ಆಗಿದ್ದರು. ಸರ್ಕಾರದ ಆಜ್ಞೆ ಏನೆಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು, ಗೊತ್ತಿದ್ದೇ ಮುರಿದರು. ಇಂದಿನ ಪ್ರಜೆಯ ಕಷ್ಟವು ಬೇರೆ. ತಾನು ಕಾನೂನನ್ನು ಪಾಲಿಸುತ್ತಿದ್ದೇನೆಯೋ ಮುರಿಯುತ್ತಿದ್ದೇನೆಯೋ ಅವನಿಗೆ ತಿಳಿಯದು. ತನ್ನದೇ ಸರ್ಕಾರದ ಕೆಳಗೆ ಪ್ರಜೆಯು ಹೀಗೆ ಅಂಜುವುದನ್ನು ತಪ್ಪಿಸಲು ಒಂದು ಸುತ್ತೋಲೆ ಸಾಕಾಗುವಾಗ ಅದನ್ನೂ ಹೊರಡಿಸದಿರುವುದು ಅಕ್ಷಮ್ಯ.

ಮೇಷ್ಟರಿಗೆ ನಾವು ಹೇಳಿದುದು ಇಷ್ಟೇ: ಸೀಸೆಯನ್ನೂ ಚೀಟಿಯನ್ನೂ ತೆಗೆದುಕೊಂಡು, ಮೊದಲು ಚಿಕಿತ್ಸೆ ಮಾಡಿದ ಆಸ್ಪತ್ರೆಯ ನೋವು ಶಮನದ ವಿಭಾಗಕ್ಕೆ ಹೋಗಿ, ಅವರಿಗೆ ಮುಚ್ಚಿಡಬೇಡಿ, ಈ ತೈಲವನ್ನು ಕೊಡಬಹುದೆ ಎಂದು ಕೇಳಿ, ಅದಕ್ಕೂ ಮುಂಚೆ ಮಾರ್ಫಿನ್ ಗುಳಿಗೆಯನ್ನು ಕೇಳಿ. ಅವರು ಎಲ್ಲವನ್ನೂ ಒಂದು ಹಳೆಯ ದಿನಚರಿಯ ಪುಟದಲ್ಲಿ ದುಂಡಗೆ ಬರೆದುಕೊಂಡು, ಸೀಸೆಯನ್ನು ಕೈಚೀಲದಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡು, ಮದ್ದೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಸ್ಸಿನಲ್ಲಿ ಯಾರಾದರೂ ಚೀಲವನ್ನು ತೆರೆಯೆಂದರೆ ಏನು ಮಾಡಲಿ ಎಂದು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೇಳಿದರು. ಅದಕ್ಕೆ ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.